ವಾರ್ಡ್‌ರೋಬ್ ಹಿಂದೆ ಗೋಡೆಗೆ ಮತ್ತೆ ಬೂಷ್ಟು, ಕಂಪನಿಯವರಿಗೆ ಕೊಟ್ಟು ಮಾಡಿಸೋದಾ?

ಮುಂಜಾವು:

ಎಲ್ರಿಗೂ ನಮಸ್ಕಾರ. ಮಲಗೋ ರೂಮಲ್ಲಿ ಹೊರಗಡೆ ಗೋಡೆಗೆ ತಾಗಿಸಿ ವಾರ್ಡ್‌ರೋಬ್ ಇಟ್ಟಿದ್ವಿ, ಕ್ಲೀನ್ ಮಾಡೋಣ ಅಂತ ಮೊನ್ನೆ ಸರಿಸಿ ನೋಡಿದ್ರೆ ಹಿಂದಿನ ಗೋಡೆ ತುಂಬಾ ಕಪ್ಪು ಕಪ್ಪು ಚುಕ್ಕೆ, ಮೂಲೇಲಿ ನೆಲದ ಹತ್ರ ಅಂತೂ ಚುಕ್ಕೆ ಎಲ್ಲಾ ಸೇರಿ ಒಂದೇ ಮಚ್ಚೆ ಆಗ್ಬಿಟ್ಟಿದೆ. ವಾರ್ಡ್‌ರೋಬಿನ ಹಿಂದಿನ ಪ್ಲೈಗೂ ಹಿಡಿದಿದೆ, ಒಳಗಿದ್ದ ಲೆದರ್ ಬೆಲ್ಟು ಬ್ಯಾಗಿನ ಮೇಲೆಲ್ಲಾ ಬೆಳ್ಳಗೆ ಪೌಡರ್ ಥರ ಕೂತಿದೆ, ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ.

ಇದೇ ಗೋಡೆನ ಹೋದ ವರ್ಷ ಕೆರೆಸಿ ಪುಟ್ಟಿ ಹಾಕ್ಸಿ ಆಂಟಿ ಫಂಗಲ್ ಪೇಂಟ್ ಹೊಡೆಸಿದ್ವಿ. ಮತ್ತೆ ಅದೇ ಜಾಗಕ್ಕೇ ಬಂದಿದೆ. ಮಗಳಿಗೆ ಉಬ್ಬಸದ ತೊಂದರೆ ಇದೆ, ಈ ರೂಮಲ್ಲಿ ಮಲಗಿದ್ರೆ ರಾತ್ರಿ ಕೆಮ್ಮು ಜಾಸ್ತಿ, ಅದಕ್ಕೇ ಈ ಸಲ ನಾವೇ ಕೈ ಹಾಕೋದು ಬೇಡ ಪ್ರೊಫೆಷನಲ್ ಆಗಿ ಮಾಡೋರನ್ನ ಕರೆಸೋಣ ಅಂತ. ಒಬ್ರು ಬಂದು ನೋಡಿ ರೂಮಿಗೆಲ್ಲಾ ಫಾಗಿಂಗ್ (ಔಷಧಿನ ಹೊಗೆ ಥರ ಹೊಡೆಯೋದು) ಮಾಡಿ ಗೋಡೆಗೆ ಕೋಟಿಂಗ್ ಕೊಡ್ತೀವಿ, ಒಂದು ದಿನದ ಕೆಲಸ ಅಂದ್ರು. ಇನ್ನೊಬ್ರು ಮೊದ್ಲು ಗಾಳಿ ಟೆಸ್ಟ್ ಮಾಡಿಸಿ ಯಾವ ಜಾತಿ ಫಂಗಸ್ ಅಂತ ಗೊತ್ತಾಗ್ಲಿ ಅಂತಾರೆ. ಯಾರ ಮಾತು ಕೇಳ್ಬೇಕೋ ತಿಳೀತಿಲ್ಲ. ಮಾಡಿಸಿರೋರು, ಈ ಕೆಲಸ ಗೊತ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಬೆಳ್ಳಿಮೋಡ:

ಮೇಡಂ ಅಷ್ಟೊಂದೆಲ್ಲಾ ಬೇಕಾಗಲ್ಲ, ಬ್ಲೀಚ್ ನೀರಲ್ಲಿ ಕಲಸಿ ಸ್ಪ್ರೇ ಮಾಡಿ ಹತ್ತು ನಿಮಿಷ ಬಿಟ್ಟು ಉಜ್ಜಿ, ಎಲ್ಲಾ ಬೆಳ್ಳಗಾಗತ್ತೆ. ನಮ್ಮ ಬಾತ್‌ರೂಮ್ ಟೈಲ್ಸಿಗೆ ನಾನು ಯಾವಾಗ್ಲೂ ಹಿಂಗೇ ಮಾಡೋದು, ಪೂರ್ತಿ ಹೋಗತ್ತೆ.

ಗಾರೆಕರಣೆ:

ಬೆಳ್ಳಿಮೋಡ ಅವ್ರೇ, ಟೈಲ್ಸ್, ಗಾಜು, ಸಿಂಕ್ ಇಂಥದಕ್ಕೆ ನೀವು ಹೇಳಿದ್ದು ನಡೆಯತ್ತೆ ಯಾಕಂದ್ರೆ ಅದು ನೀರು ಹೀರಲ್ಲ. ಆದ್ರೆ ಪ್ಲಾಸ್ಟರ್, ಜಿಪ್ಸಮ್ ಬೋರ್ಡ್, ಪ್ಲೈ ಇವೆಲ್ಲ ಹೀರೋ ವಸ್ತು. ಬ್ಲೀಚಲ್ಲಿರೋ ಕ್ಲೋರಿನ್ ಮೇಲ್ಮೈಯಲ್ಲೇ ಮುಗಿದುಹೋಗತ್ತೆ, ಜೊತೆಗಿರೋ ನೀರು ಮಾತ್ರ ಒಳಗೆ ಇಳಿಯತ್ತೆ. ಅಂದ್ರೆ ಮೇಲಿನ ಬಣ್ಣ ಹೋಗಿ ಬೆಳ್ಳಗೆ ಕಾಣತ್ತೆ, ಒಳಗಿರೋ ಬೂಷ್ಟಿನ ಎಳೆಗಳಿಗೆ ಇನ್ನಷ್ಟು ತೇವ ಸಿಕ್ತು. ಇನ್ನೊಂದು, ಯಾರೂ ಮರೀಬೇಡಿ, ಬ್ಲೀಚ್ ಜೊತೆ ಅಮೋನಿಯ ಇರೋ ಕ್ಲೀನರ್ ಆಗ್ಲಿ ಟಾಯ್ಲೆಟ್ ಆಸಿಡ್ ಆಗ್ಲಿ ವಿನೆಗರ್ ಆಗ್ಲಿ ಸೇರಿಸ್ಲೇಬಾರ್ದು, ವಿಷಗಾಳಿ ಬರತ್ತೆ. ಉಬ್ಬಸ ಇರೋ ಮಗು ಇರೋ ಮನೇಲಿ ಮುಚ್ಚಿದ ರೂಮಲ್ಲಿ ಬರೀ ಬ್ಲೀಚ್ ಹೊಡೆಯೋದೂ ಬೇಡ.

ಮುಂಜಾವು ಅವ್ರೇ, ನಾನು ಮನೆಗಳ ತೇವ, ಸೀಪೇಜ್ ಕೆಲಸದಲ್ಲೇ ಇರೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಂದ್ರೆ ಈಗ ಬಂದಿರೋ ಇಬ್ರಿಗೂ ಕೊಡ್ಬೇಡಿ. ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕದೇ ಬೂಷ್ಟು ಸಾಯಿಸ್ತೀನಿ ಅನ್ನೋರು ಯಾರೇ ಆದ್ರೂ ಅವ್ರು ಮಾಡೋದು ಅರ್ಧ ಕೆಲಸ, ಅದೂ ಕೊನೇ ಅರ್ಧ. ಬೂಷ್ಟಿನ ಬೀಜಕಣ ಎಲ್ಲಾ ಮನೆ ಗಾಳೀಲೂ ಇರತ್ತೆ, ಹೊರಗಡೆಯಿಂದ ಬರ್ತಾನೇ ಇರತ್ತೆ, ಅದನ್ನ ಸೊನ್ನೆ ಮಾಡೋಕೆ ಯಾರ ಕೈಲೂ ಆಗಲ್ಲ. ಪೇಂಟು, ಧೂಳು, ಪ್ಲೈ, ಬಟ್ಟೆ ಎಲ್ಲಾ ಅದಕ್ಕೆ ಊಟನೇ, ಊಟ ತಪ್ಪಿಸೋಕೂ ಆಗಲ್ಲ. ನಮ್ಮ ಕೈಲಿರೋದು ತೇವ ಒಂದೇ. ನೀರು ಚೆಲ್ಲಿ ನೆಂದ ಜಾಗ 24ರಿಂದ 48 ಗಂಟೆ ಒಳಗೆ ಪೂರ್ತಿ ಒಣಗಿದ್ರೆ ಸಾಮಾನ್ಯವಾಗಿ ಬೂಷ್ಟು ಹಿಡಿಯೋದೇ ಇಲ್ಲ. ಹಿಡಿದಿದೆ ಅಂದ್ರೆ ಅಲ್ಲಿ ಒಣಗೋಕೆ ಬಿಡದೆ ಏನೋ ನಡೀತಿದೆ.

ನಿಮ್ಮದು ಹೊರಗಡೆ ಗೋಡೆ, ಜೊತೆಗೆ ವಾರ್ಡ್‌ರೋಬ್ ಒತ್ತಿ ಇಟ್ಟಿದೀರ. ಮೊದಲ ಅನುಮಾನ ಕಂಡೆನ್ಸೇಶನ್ ಮೇಲೆ, ಅಂದ್ರೆ ರೂಮಿನ ಗಾಳೀಲಿರೋ ತೇವ ತಣ್ಣನೆ ಗೋಡೆ ಮೇಲೆ ಕೂರೋದು. ಒಂದು ಲೆಕ್ಕ ಹೇಳ್ತೀನಿ ನೋಡಿ, ರೂಮಿನ ಗಾಳಿ 25 ಡಿಗ್ರಿ, ತೇವಾಂಶ 60 ಪರ್ಸೆಂಟ್ ಅಂತ ಇಟ್ಕೊಳಿ, ಯಾರಿಗೂ ತೊಂದರೆ ಅನ್ಸಲ್ಲ. ಅದೇ ಗಾಳಿ ವಾರ್ಡ್‌ರೋಬ್ ಹಿಂದೆ 20 ಡಿಗ್ರಿ ಇರೋ ತಣ್ಣನೆ ಗೋಡೆ ಹತ್ರ ಹೋದ್ರೆ ಅಲ್ಲಿ ತೇವಾಂಶ 80 ದಾಟತ್ತೆ. ಬೂಷ್ಟು ಬೆಳೆಯೋಕೆ ಗೋಡೆ ಮೇಲೆ ನೀರು ಹನಿ ಕಾಣ್ಬೇಕು ಅಂತೇನಿಲ್ಲ, ಮೇಲ್ಮೈ ಹತ್ರ 80ರ ಆಸುಪಾಸು ಬಹಳ ದಿನ ನಿಂತ್ರೆ ಸಾಕು. ಅದಕ್ಕೇ ರೂಮಿನ ಮಧ್ಯ ಎಲ್ಲಾ ಚೆನ್ನಾಗಿದ್ದು ಬೀರು ಹಿಂದೆ, ಮಂಚದ ಹಿಂದೆ, ಮೂಲೆಗಳಲ್ಲಿ ಮಾತ್ರ ಹಿಡಿಯೋದು, ಅಲ್ಲಿ ಗಾಳಿ ಆಡಲ್ಲ, ಗೋಡೆ ಬೆಚ್ಚಗಾಗೋದೇ ಇಲ್ಲ.

ಆದ್ರೆ ನೆಲದ ಹತ್ರ ಜಾಸ್ತಿ ಅಂದ್ರಲ್ಲ, ಅದು ನನಗೆ ಸರಿ ಕಾಣ್ತಿಲ್ಲ. ನೀವೇ ಒಂದು ಟೆಸ್ಟ್ ಮಾಡಿ. ಅಲ್ಯೂಮಿನಿಯಂ ಫಾಯಿಲ್ ಅಂಗೈಗಿಂತ ದೊಡ್ಡ ತುಂಡು ಎರಡು ತಗೊಳಿ, ಒಂದನ್ನ ಎದೆ ಎತ್ತರಕ್ಕೆ ಇನ್ನೊಂದನ್ನ ನೆಲದ ಹತ್ರ, ಗೋಡೆ ಒರೆಸಿ ಒಣಗಿಸಿ ನಾಲ್ಕೂ ಕಡೆ ಗಾಳಿ ಹೋಗದಂಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಫಾಯಿಲ್ ಮೇಲ್ಗಡೆ, ಅಂದ್ರೆ ರೂಮಿನ ಕಡೆ ಬೆವರಿದ್ರೆ ತೇವ ರೂಮಿನ ಗಾಳಿದು. ಕಿತ್ತಾಗ ಹಿಂಬದಿ, ಗೋಡೆ ಕಡೆ ಒದ್ದೆ ಇದ್ರೆ ತೇವ ಗೋಡೆಯೊಳಗಿಂದ ಬರ್ತಿದೆ. ಇದನ್ನ ಮಾಡುವಾಗ ಎನ್ 95 ಮಾಸ್ಕ್, ಗ್ಲೌಸ್ ಹಾಕ್ಕೊಳಿ, ಒಣ ಬ್ರಷ್ಷಿಂದ ಉಜ್ಜಬೇಡಿ, ಪೊರಕೆ ಅಂತೂ ಬೇಡ್ವೇ ಬೇಡ. ಮಗಳನ್ನ ಸದ್ಯಕ್ಕೆ ಬೇರೆ ರೂಮಲ್ಲಿ ಮಲಗಿಸಿ. ತೇವ ಮತ್ತು ಬೂಷ್ಟು ಇರೋ ಮನೇಲಿ ಉಸಿರಾಟದ ತೊಂದರೆ, ಉಬ್ಬಸ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇದಕ್ಕಂತಲೇ ಮಾರ್ಗಸೂಚಿ ತಂದಿದೆ. ಡಾಕ್ಟರಿಗೂ ಗೋಡೆ ವಿಷಯ ಹೇಳಿ.

ಹಸಿರುದೀಪ:

ಗಾಳಿ ಟೆಸ್ಟ್ ಬಗ್ಗೆ ಒಂದು ಮಾತು. ಕಣ್ಣಿಗೆ ಕಾಣೋ ಹಂಗೆ ಬೂಷ್ಟು ಇದ್ರೆ ಸಾಮಾನ್ಯವಾಗಿ ಸ್ಯಾಂಪಲ್ ತೆಗೆಯೋ ಅಗತ್ಯ ಇಲ್ಲ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎನೇ ಹೇಳತ್ತೆ. ಗಾಳೀಲಿ ಇಷ್ಟು ಬೀಜಕಣ ಇದ್ರೆ ಸೇಫ್ ಅನ್ನೋ ಮಿತಿನೇ ಅಲ್ಲಿ ನಿಗದಿ ಆಗಿಲ್ಲ, ಹಂಗಿರೋವಾಗ ರಿಪೋರ್ಟಲ್ಲಿ ಒಂದು ನಂಬರ್ ಬಂದ್ರೆ ಅದನ್ನ ಇಟ್ಕೊಂಡು ಏನ್ಮಾಡ್ತೀರ. ಕ್ಲಾಡೋಸ್ಪೋರಿಯಂ ಆಗ್ಲಿ ಆಸ್ಪರ್ಜಿಲಸ್ ಆಗ್ಲಿ ಪೆನಿಸಿಲಿಯಂ ಆಗ್ಲಿ ಮಾಡ್ಬೇಕಾದ ಕೆಲಸ ಅದೇ, ತೇವ ನಿಲ್ಸೋದು, ಬೂಷ್ಟು ತೆಗೆಯೋದು. ಕಪ್ಪಗಿದ್ದ ಮಾತ್ರಕ್ಕೆ ಅದು ವಿಷದ್ದು ಅಂತ ಜನ ಹೆದರಿಸೋ ಆ ಬ್ಲ್ಯಾಕ್ ಮೋಲ್ಡೇ ಅಂತಲೂ ಅಲ್ಲ, ಎಷ್ಟೋ ಸಾಧಾರಣ ಜಾತಿಗಳೂ ಕಪ್ಪಗಿರತ್ತೆ. ಕಾಣ್ತಿಲ್ಲ ಆದ್ರೆ ವಾಸನೆ ಇದೆ, ಅಥವಾ ಕೆಲಸ ಆದ್ಮೇಲೆ ಸರಿಯಾಗಿದ್ಯಾ ಅಂತ ನೋಡ್ಬೇಕು ಅಂದ್ರೆ ಟೆಸ್ಟಿಗೆ ಅರ್ಥ ಇದೆ. ಆಗ್ಲೂ ಕ್ಲೀನ್ ಮಾಡಿದೋರೇ ಟೆಸ್ಟ್ ಮಾಡ್ಬಾರ್ದು, ಬೇರೆಯವ್ರು ಮಾಡ್ಬೇಕು.

ತಿಳಿನೀರು:

ನಮ್ಮನೇಲಿ ಮೇಲಿನ ಪೈಪ್ ಒಡೆದು ಜಿಪ್ಸಮ್ ಗೋಡೆ ಪೂರ್ತಿ ಹಿಡಿದಿತ್ತು, ಕಂಪನಿಯವರಿಂದಲೇ ಮಾಡಿಸಿದ್ವಿ, ಚೆನ್ನಾಗಿ ಮಾಡಿದ್ರು, ಹೆಂಗೆ ಮಾಡಿದ್ರು ಅಂತ ಹೇಳ್ತೀನಿ ನಿಮಗೆ ಹೋಲಿಸಿ ನೋಡೋಕೆ ಆಗತ್ತೆ.

ಬಂದ ತಕ್ಷಣ ಅವ್ರು ತೆಗೆದಿದ್ದು ಸ್ಪ್ರೇ ಅಲ್ಲ, ಗೋಡೆ ತೇವ ಅಳೆಯೋ ಮಾಯಿಶ್ಚರ್ ಮೀಟರ್. ಮನೇಲಿ ಚೆನ್ನಾಗಿ ಒಣಗಿರೋ ಒಂದು ಗೋಡೆಗೆ ಮೊದ್ಲು ಹಿಡಿದು ಬರ್ಕೊಂಡ್ರು, ಆಮೇಲೆ ಹಾಳಾದ ಗೋಡೆಗೆ ಅಷ್ಟಷ್ಟು ದೂರಕ್ಕೆ ಹಿಡಿದು ಪೆನ್ಸಿಲಲ್ಲಿ ಗೋಡೆ ಮೇಲೇ ನಂಬರ್ ಬರೆದ್ರು, ಎಲ್ಲಿಂದ ಎಲ್ಲಿವರೆಗೆ ಒದ್ದೆ ಅಂತ ನಕ್ಷೆ ಥರ ಕಾಣ್ತಿತ್ತು. ಪೈಪ್ ರಿಪೇರಿ ಆಗೋವರೆಗೂ ನಾವು ಕೈ ಹಾಕಲ್ಲ ಅಂದ್ರು. ಕೆಲಸದ ದಿನ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಕಟ್ಟಿ ಜಿಪ್ ಹಾಕಿದ್ರು, ಏಸಿ ಗಾಳಿ ಬರೋ ಜಾಗಾನೂ ಮುಚ್ಚಿದ್ರು, ತೀರಾ ಸಣ್ಣ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋ ಮೆಷಿನ್ ಇಟ್ಟು ರೂಮಿನ ಗಾಳಿನ ಕಿಟಕಿಯಿಂದ ಆಚೆ ಬಿಟ್ರು. ಆ ಮೆಷಿನ್ ಓಡೋವಾಗ ಬಾಗಿಲಿನ ಶೀಟ್ ರೂಮಿನೊಳಕ್ಕೆ ಉಬ್ಬಿ ನಿಲ್ತಿತ್ತು, ಅದು ಹಂಗೆ ಒಳಗೆ ಎಳ್ಕೊಂಡಿದ್ರೇ ಧೂಳು ಮನೆ ಕಡೆ ಬರ್ತಿಲ್ಲ ಅಂತ ಗುರುತು, ಹೊರಗೆ ಉಬ್ಬಿದ್ರೆ ನಮ್ಮನ್ನ ಕರೀರಿ ಅಂತ ಹೇಳಿ ಹೋದ್ರು.

ಬೂಷ್ಟು ಹಿಡಿದ ಬೋರ್ಡನ್ನ ಒರೆಸೋಕೆ ಹೋಗ್ಲೇ ಇಲ್ಲ, ಕಾಣೋ ಕಲೆಯಿಂದ ಇನ್ನೂ ಆಚೆವರೆಗೆ ಕತ್ತರಿಸಿ, ಒಳಗೇ ಚೀಲಕ್ಕೆ ತುಂಬಿ ಕಟ್ಟಿ, ಚೀಲದ ಮೈ ಒರೆಸಿ ಆಮೇಲೆ ಹೊರಗೆ ತಂದ್ರು. ಉಳಿದ ಮರದ ಫ್ರೇಮಿಗೆ ಹೆಪಾ ವ್ಯಾಕ್ಯೂಮ್, ಆಮೇಲೆ ಡಿಟರ್ಜೆಂಟ್ ಒದ್ದೆ ಬಟ್ಟೆ, ಒಣಗಿದ ಮೇಲೆ ಮತ್ತೆ ವ್ಯಾಕ್ಯೂಮ್. ಗಾಳಿಯ ತೇವ ಹೀರೋ ಡಿಹ್ಯೂಮಿಡಿಫೈಯರ್ ಇಟ್ಟು, ಒಣ ಗೋಡೆಯ ರೀಡಿಂಗಿಗೆ ಇದೂ ಬರೋವರೆಗೂ ಹೊಸ ಬೋರ್ಡ್ ಹಾಕೋಕೆ ಬಿಡ್ಲಿಲ್ಲ. ಇಷ್ಟೂ ಕೆಲಸದಲ್ಲಿ ಕೆಮಿಕಲ್ ಪಾತ್ರ ಬಹಳ ಕಮ್ಮಿ.

ಗಾರೆಕರಣೆ:

ತಿಳಿನೀರು ಅವ್ರು ಹೇಳಿದ್ದೇ ಸರಿಯಾದ ಪದ್ಧತಿ. ಈ ಕೆಲಸಕ್ಕೆ ಐಐಸಿಆರ್‌ಸಿ (ಕ್ಲೀನಿಂಗ್, ರಿಪೇರಿ ಕೆಲಸಕ್ಕೆ ಸ್ಟ್ಯಾಂಡರ್ಡ್ ಬರೆಯೋ ಅಮೆರಿಕದ ಸಂಸ್ಥೆ) ಎಸ್520 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅದರ ಮೂಲ ಮಾತೇ ಬೂಷ್ಟನ್ನ ಸಾಯ್ಸೋದಲ್ಲ, ತೆಗೆದು ಹೊರಗೆ ಹಾಕೋದು. ಸತ್ತ ಬೂಷ್ಟೂ ಅಲರ್ಜಿ ಮಾಡತ್ತೆ, ಹೊಗೆ ಹೊಡೆದು ಅಲ್ಲೇ ಬಿಟ್ಟು ಮೇಲೆ ಕೋಟಿಂಗ್ ಎಳೆದ್ರೆ ಮಗುವಿಗೆ ಏನೂ ಉಪಯೋಗ ಆಗ್ಲಿಲ್ಲ. ಓಜೋನ್ ಮೆಷಿನ್ ಇಡ್ತೀವಿ ಅಂತ ಯಾರಾದ್ರೂ ಬಂದ್ರೂ ಬೇಡ ಅನ್ನಿ, ಓಜೋನೇ ಶ್ವಾಸಕೋಶಕ್ಕೆ ಕೆಟ್ಟದ್ದು.

ಮುಂಜಾವು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಫಾಯಿಲ್ ಟೆಸ್ಟ್ ಮಾಡಿದ್ವಿ. ಎದೆ ಎತ್ತರದ್ದು ರೂಮಿನ ಕಡೆ ಮಂಜು ಕಟ್ಟಿದ ಹಂಗೆ ಇತ್ತು, ಹಿಂದೆ ಒಣಗಿತ್ತು. ನೆಲದ ಹತ್ರದ್ದು ಉಲ್ಟಾ, ಕಿತ್ತಾಗ ಹಿಂಬದಿ ನೀರಿನ ಹನಿ, ಗೋಡೆ ಮುಟ್ಟಿದ್ರೆ ತಣ್ಣಗೆ ಒದ್ದೆ, ಬೆರಳಲ್ಲಿ ಒತ್ತಿದ್ರೆ ಪುಟ್ಟಿ ಹಿಟ್ಟಿನ ಥರ ಉದುರ್ತಿದೆ. ಬೆಳ್ಳಗೆ ಹರಳು ಹರಳು ಥರಾನೂ ಇದೆ ಅದೂ ಬೂಷ್ಟಾ? ಆ ಮೂಲೆಗೆ ಪಕ್ಕದಲ್ಲೇ ಬಾತ್‌ರೂಮ್ ಬರತ್ತೆ, ಶವರ್ ಇರೋದೂ ಅದೇ ಮೂಲೇಲಿ.

ಗಾರೆಕರಣೆ:

ಹಾಗಿದ್ರೆ ಎರಡು ತೊಂದರೆ ಒಂದೇ ಗೋಡೇಲಿ ಸೇರ್ಕೊಂಡಿದೆ. ಹೋದ ವರ್ಷದ ಪೇಂಟ್ ನಿಲ್ಲದೇ ಇದ್ದಿದ್ದಕ್ಕೂ ಇದೇ ಕಾರಣ, ಪೇಂಟರದ್ದು ಪೇಂಟಿಂದು ತಪ್ಪಲ್ಲ.

ಹರಳು ಥರ ಇರೋದು ಉಪ್ಪಿರ್ಬೇಕು. ಸ್ವಲ್ಪ ನೀರು ಚಿಮುಕಿಸಿ, ಕರಗಿ ಹೋದ್ರೆ ಉಪ್ಪು, ಹಂಗೇ ಉಳಿದ್ರೆ ಬೂಷ್ಟು. ಗೋಡೆಯೊಳಗಿನ ನೀರು ಉಪ್ಪನ್ನ ಹೊತ್ಕೊಂಡು ಬಂದು ಮೇಲೆ ಒಣಗಿದಾಗ ಹಿಂಗಾಗತ್ತೆ, ಅಂದ್ರೆ ನೀರು ಒಳಗಿಂದ ಬರ್ತಿರೋದಕ್ಕೆ ಇದೂ ಒಂದು ಸಾಕ್ಷಿ. ಮೀಟರ್ ಹಿಡಿಯೋರಿಗೂ ಉಪ್ಪಿನ ವಿಷಯ ತಿಳ್ಸಿ, ಪಿನ್ ಚುಚ್ಚೋ ಮೀಟರ್ ಉಪ್ಪಿರೋ ಕಡೆ ಇರೋದಕ್ಕಿಂತ ಹೆಚ್ಚು ತೋರಿಸತ್ತೆ.

ಈಗ ಬಾತ್‌ರೂಮ್ ನೋಡ್ಬೇಕು. ಮನೇಲಿ ಎಲ್ಲಾ ನಲ್ಲಿ ಬಂದ್ ಮಾಡಿ ನೀರಿನ ಮೀಟರ್ ಇದ್ರೆ ಓದಿ ಬರ್ಕೊಳಿ, ಎರಡು ಗಂಟೆ ಯಾರೂ ನೀರು ಮುಟ್ಟದೇ ಮತ್ತೆ ನೋಡಿ. ಮುಂದೆ ಓಡಿದ್ರೆ ಎಲ್ಲೋ ಪೈಪ್ ಸೋರ್ತಿದೆ, ಆ ಗೋಡೆಯೊಳಗಿನ ಲೈನ್ ಮೇಲೇ ಮೊದಲ ಅನುಮಾನ. ಓಡ್ಲಿಲ್ಲ ಅಂದ್ರೆ ಪೈಪಿಗಿಂತ ಶವರ್ ನೆಲ, ಡ್ರೈನ್ ಸುತ್ತ, ಟೈಲ್ ಸಂದು ಇಲ್ಲಿಂದ ಇಳಿಯೋ ಸಾಧ್ಯತೆನೇ ಹೆಚ್ಚು. ಡ್ರೈನ್ ಬಾಯಿ ಮುಚ್ಚಿ ನೆಲಕ್ಕೆ ಮಾತ್ರ ನೀರು ನಿಲ್ಸಿ ಮಟ್ಟಕ್ಕೆ ಗುರುತು ಹಾಕಿ ಒಂದು ದಿನ ಬಿಟ್ಟು ನೋಡಿದ್ರೆ ಗೊತ್ತಾಗತ್ತೆ. ಸಂದಿಗೆ ಮೇಲಿಂದ ಮೇಲೆ ಸಿಲಿಕಾನ್ ಬಳಿಯೋದ್ರಿಂದ ಆಗಲ್ಲ, ವಾಟರ್‌ಪ್ರೂಫಿಂಗ್ ಹೋಗಿದ್ರೆ ಟೈಲ್ ತೆಗೆದೇ ಮಾಡಿಸ್ಬೇಕು, ಬೇಸರ ಆದ್ರೂ.

ಅದು ಆದ್ಮೇಲೆ ಹಾಳಾದ ಪುಟ್ಟಿ, ಸಡಿಲ ಆದ ಪ್ಲಾಸ್ಟರ್ ಒದ್ದೆ ಮಾಡಿ ಕೆರೆಸಿ, ಗೋಡೆನ ಬೆತ್ತಲೆ ಬಿಟ್ಟು ಒಣಗಿಸಿ. ಇದಕ್ಕೆ ವಾರಗಟ್ಟಲೆ ಬೇಕು, ಕೆಲವು ಗೋಡೆಗೆ ತಿಂಗಳೂ ಆಗತ್ತೆ, ಈ ಸಮಯ ಕೊಡದೇನೇ ಎಷ್ಟೋ ಜನ ಮತ್ತೆ ಪೇಂಟ್ ಹೊಡೆಸಿ ದುಡ್ಡು ಕಳ್ಕೊಳೋದು. ಮೀಟರ್ ರೀಡಿಂಗ್ ಮನೆಯ ಒಣ ಗೋಡೆಗೆ ಸಮ ಬಂದ್ಮೇಲೆ ಮಾತ್ರ ಪುಟ್ಟಿ, ಪೇಂಟು. ಬೂಷ್ಟು ಹಿಡಿದಿರೋ ಜಾಗ ಸುಮಾರು 10 ಚದರ ಅಡಿಗಿಂತ ಕಮ್ಮಿ ಇದ್ರೆ ಮನೆಯವ್ರೇ ಮಾಡ್ಕೋಬಹುದು ಅಂತ ಇಪಿಎ ಹೇಳತ್ತೆ, ನಿಮ್ಮದು ಅದನ್ನ ದಾಟಿರೋ ಹಂಗಿದೆ, ಮಗುವಿಗೆ ಉಬ್ಬಸ ಬೇರೆ, ಹಾಗಾಗಿ ತೆಗೆಯೋ ಕೆಲಸ ಗೊತ್ತಿರೋರಿಗೇ ಕೊಡಿ, ಶೀಟ್ ಕಟ್ಟಿ ಹೆಪಾ ಇಟ್ಟು ಮಾಡೋರಿಗೆ. ಕೊಟೇಶನ್‌ನಲ್ಲಿ ಒಣಗಿಸೋ ಗುರಿ ಎಷ್ಟು, ಕೆಲಸ ಮುಗೀತು ಅಂತ ಯಾವುದರ ಮೇಲೆ ಹೇಳ್ತೀರ ಅಂತ ಬರೆಸ್ಕೊಳಿ. ಬರೆಯಲ್ಲ ಅಂದ್ರೆ ಬೇರೆಯವ್ರನ್ನ ನೋಡಿ.

ಮೇಲಿನ ಭಾಗದ ಕಂಡೆನ್ಸೇಶನ್‌ಗೆ ವಾರ್ಡ್‌ರೋಬನ್ನ ಒಳಗಡೆ ಗೋಡೆಗೆ ಹಾಕಿ, ಆಗ್ಲಿಲ್ಲ ಅಂದ್ರೆ ಕೈ ಹೋಗೋವಷ್ಟಾದ್ರೂ ಸಂದು ಬಿಡಿ. ಹಿಂದಿನ ಪ್ಲೈ ಬದಲಾಯಿಸಿ, ಒರೆಸಿ ಉಳಿಸೋದು ಕಷ್ಟ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಸ್ನಾನ ಆದ್ಮೇಲೂ ಅರ್ಧ ಗಂಟೆ ಓಡ್ಲಿ, ಅದು ಗಾಳಿನ ಹೊರಗಡೆಗೇ ಬಿಡ್ತಿದ್ಯಾ ಫಾಲ್ಸ್ ಸೀಲಿಂಗ್ ಒಳಗೆ ಬಿಡ್ತಿದ್ಯಾ ಅಂತಲೂ ನೋಡಿ. ಒದ್ದೆ ಬಟ್ಟೆ ಆ ರೂಮಲ್ಲಿ ಒಣಗಿಸ್ಬೇಡಿ. ತೇವಾಂಶ ತೋರ್ಸೋ ಚಿಕ್ಕ ಮೀಟರ್ ಒಂದು ತಂದಿಡಿ, 30ರಿಂದ 50 ಪರ್ಸೆಂಟ್ ಇದ್ರೆ ಒಳ್ಳೇದು, 60 ದಾಟೋಕೆ ಬಿಡ್ಬೇಡಿ. ಹೊರಗಡೆ ಗಾಳಿನೇ ಒದ್ದೆ ಇರೋ ದಿನ ಕಿಟಕಿ ತೆಗೆದ್ರೆ ತೇವ ಒಳಗೇ ಬರತ್ತೆ, ಅಂಥ ದಿನ ಮುಚ್ಚಿ ಡಿಹ್ಯೂಮಿಡಿಫೈಯರ್ ಹಾಕಿ.

ಬೆಳ್ಳಿಮೋಡ:

ಗಾರೆಕರಣೆ ಸರ್ ಬ್ಲೀಚ್ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಲೆದರ್ ಬ್ಯಾಗು ಬಟ್ಟೆ ಎಲ್ಲಾ ಎಸೀಬೇಕಾ ಹಾಗಿದ್ರೆ?

ಗಾರೆಕರಣೆ:

ಎಸೀಬೇಕಿಲ್ಲ. ಬಟ್ಟೆ ಬಿಸಿನೀರು ಡಿಟರ್ಜೆಂಟಲ್ಲಿ ಒಗೆದು ಪೂರ್ತಿ ಒಣಗ್ಸಿ. ಲೆದರನ್ನ ಮನೆ ಹೊರಗಡೆ ಒಯ್ದು ಸ್ವಲ್ಪ ಒದ್ದೆ ಬಟ್ಟೇಲಿ ಒರೆಸಿ, ಬಟ್ಟೆ ಮಡಚಿ ಮಡಚಿ ಹೊಸ ಮುಖದಲ್ಲಿ ಒರೆಸ್ಬೇಕು, ಆಮೇಲೆ ನೆರಳಲ್ಲಿ ಗಾಳಿಗೆ ಇಡಿ. ಹಾಸಿಗೆ ದಿಂಬು ಒಳಗಡೆವರೆಗೂ ಹಿಡಿದಿದ್ರೆ ಮಾತ್ರ ಉಳಿಸ್ಕೋಬೇಡಿ. ಮುಂಜಾವು ಅವ್ರೇ, ನಲ್ಲಿ ಬಂದ್ ಮಾಡಿದ್ಮೇಲೆ ನೀರಿನ ಮೀಟರ್ ಓಡ್ತೋ ಇಲ್ವೋ ಅನ್ನೋದನ್ನ ಇಲ್ಲೇ ಬರೀರಿ, ಅದನ್ನ ನೋಡಿ ಪ್ಲಂಬರ್ ಮೊದ್ಲಾ ಟೈಲ್ಸಿನವ್ರು ಮೊದ್ಲಾ ಅಂತ ಹೇಳ್ತೀನಿ.