ರಿಸೈಟಲ್‌ಗೆ ಮೊದಲು ಹಾಲ್‌ನ ಪಿಯಾನೊ ಮುಟ್ಟಲು ಒಂದೇ ಗಂಟೆ. ಏನೇನು ನೋಡಿಕೊಳ್ಳಲಿ?

ಎಡಗೈ_ಭಾರ:
ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಕೊನೆ ವರ್ಷದಲ್ಲಿದ್ದೇನೆ. ಮುಂದಿನ ತಿಂಗಳು ನನ್ನ ಪಿಯಾನೊ ರಿಸೈಟಲ್. ನಲವತ್ತು ನಿಮಿಷ, ನೋಟ್ಸ್ ನೋಡದೆ ನುಡಿಸಬೇಕು, ಅಂಕವೂ ಅದಕ್ಕೇ. ಮೊದಲು ಬಾಖ್‌ನ ಸಿ ಮೈನರ್ ಪ್ರೆಲ್ಯೂಡ್ ಮತ್ತು ಫ್ಯೂಗ್ (ವೆಲ್ ಟೆಂಪರ್ಡ್ ಕ್ಲಾವಿಯರ್, ಮೊದಲ ಪುಸ್ತಕ), ಆಮೇಲೆ ಬೀಥೋವನ್ ಓಪಸ್ 31ರ ಎರಡನೇ ಸೊನಾಟಾ, ಕೊನೆಗೆ ಶೋಪಾನ್‌ನ ಮೊದಲ ಬಲ್ಲಾಡ್.

ಅಭ್ಯಾಸವೆಲ್ಲ ಹಳೇ ಅಪ್‌ರೈಟ್‌ನಲ್ಲಿ (ತಂತಿಗಳು ನೆಟ್ಟಗೆ ನಿಂತಿರುವ ಚಿಕ್ಕ ಪಿಯಾನೊ). ಹಾಲ್‌ನಲ್ಲಿ ಇರುವುದು ಒಂಬತ್ತು ಅಡಿ ಉದ್ದದ ಗ್ರ್ಯಾಂಡ್ (ತಂತಿಗಳು ಅಡ್ಡ ಮಲಗಿರುವ ದೊಡ್ಡ ಪಿಯಾನೊ). ಸೈಕಲ್ ಕಲಿತವನಿಗೆ ಲಾರಿ ಕೀಲಿಕೈ ಕೊಟ್ಟ ಹಾಗಿದೆ. ಮೊದಲೇ ನುಡಿಸಿ ನೋಡಲು ಸಿಗುವುದು ಒಂದೇ ಗಂಟೆ. ಇಡೀ ಕಾರ್ಯಕ್ರಮ ಒಮ್ಮೆ ನುಡಿಸಿಬಿಡು ಅಂತ ಮೇಡಂ ಹೇಳುತ್ತಾರೆ. ನನಗೇನೋ ಅದು ದಂಡ ಅನ್ನಿಸುತ್ತಿದೆ. ನೀವೇನಂತೀರಿ? ಇನ್ನೊಂದು ಭಯ: ಫ್ಯೂಗ್‌ನಲ್ಲಿ ಒಂದೇ ರಾಗವನ್ನು ಮೂರು ದನಿಗಳು ಒಂದರ ಹಿಂದೊಂದು ಹಿಡಿಯುತ್ತವೆ, ಅದರ ನಡುವೆ ದಾರಿ ತಪ್ಪಿದರೆ ಏನು ಗತಿ?

ಮೂರನೇ_ಸಾಲು:
ಮೇಡಂ ಹೇಳಿದ್ದೂ ಸುಮ್ನೆ ಅಲ್ಲ. ಅಷ್ಟು ಹೊತ್ತು ಒಂದೇ ಸಮ ನುಡಿಸುವ ದಮ್ಮು ಬೇಕಲ್ವಾ. ಆದರೆ ಅದನ್ನು ಮನೆಯಲ್ಲೇ ಮಾಡಬಹುದು. ಗೆಳೆಯರನ್ನು ಕೂರಿಸಿ, ಆ ದಿನ ಹಾಕುವ ಬಟ್ಟೆ, ಚಪ್ಪಲಿ ಹಾಕಿಕೊಂಡೇ ನುಡಿಸಿ. ಹೊಸ ಶೂನಲ್ಲಿ ಪೆಡಲ್ ಸಿಗುವುದೇ ಇಲ್ಲ.

ತಂತಿ_ಕೀಲು:
ನಾನು ನುಡಿಸುವವನಲ್ಲ, ಪಿಯಾನೊ ಟ್ಯೂನ್ ಮಾಡುವವನು. ಸಂಗೀತದ ವಿಷಯ ಬಲ್ಲವರು ಹೇಳಲಿ, ನಾನು ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಆ ಗಂಟೆಯಲ್ಲಿ ಪೂರ್ತಿ ಕಾರ್ಯಕ್ರಮ ನುಡಿಸಬೇಡಿ. ನುಡಿಸಿದರೆ ಉಳಿದ ಇಪ್ಪತ್ತು ನಿಮಿಷ ಬೆವರು ಒರೆಸಿಕೊಳ್ಳಲಿಕ್ಕೇ ಸರಿ.

ಕೂತ ತಕ್ಷಣ ಎಡ ಪೆಡಲ್ ಒತ್ತಿ ನೋಡಿ. ನಿಮ್ಮ ಅಪ್‌ರೈಟ್‌ನಲ್ಲಿ ಅದು ಸುತ್ತಿಗೆಗಳನ್ನು ತಂತಿಯ ಹತ್ತಿರ ತರುತ್ತದೆ, ಪೆಟ್ಟು ಮೆತ್ತಗಾಗುತ್ತದೆ, ಅಷ್ಟೇ. ಗ್ರ್ಯಾಂಡ್‌ನಲ್ಲಿ ಹಾಗಲ್ಲ. ಕೀಗಳ ಸಾಲೇ ಬಲಕ್ಕೆ ಒಂಚೂರು ಜರುಗುತ್ತದೆ, ಕಣ್ಣಿಗೇ ಕಾಣುತ್ತದೆ. ಒಂದು ಸ್ವರದ ಮೂರು ತಂತಿಗೆ ಬೀಳುತ್ತಿದ್ದ ಪೆಟ್ಟು ಎರಡಕ್ಕೆ ಬೀಳುತ್ತದೆ. ಸುತ್ತಿಗೆಯ ಫೆಲ್ಟ್‌ನಲ್ಲಿ ತಂತಿ ಕೊರೆದ ಗೆರೆಗಳಿರುತ್ತವೆ. ಜರುಗಿದಾಗ ಆ ಗೆರೆಯ ಪಕ್ಕದ ಮೆತ್ತನೆ ಜಾಗ ತಗಲುತ್ತದೆ. ಹಾಗಾಗಿ ದನಿ ಸಣ್ಣದಾಗುವುದು ಮಾತ್ರವಲ್ಲ, ಅದರ ಬಣ್ಣವೇ ಬದಲಾಗುತ್ತದೆ. ಎಲ್ಲಿ ಒತ್ತುವುದು, ಎಲ್ಲಿ ಬಿಡುವುದು ಅನ್ನುವುದನ್ನು ಅಲ್ಲೇ ಕೇಳಿ ತೀರ್ಮಾನ ಮಾಡಿ.

ಕೀ ವಿಷಯದಲ್ಲಿ ಹೆದರಬೇಡಿ. ಗ್ರ್ಯಾಂಡ್‌ನಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಇನ್ನೊಮ್ಮೆ ನುಡಿಸಬಹುದು. ಪಿಯಾನೊ ತಯಾರಿಸುತ್ತಿದ್ದ ಎರಾರ್ ಮನೆತನದವರು 1821ರಲ್ಲಿ ಪೇಟೆಂಟ್ ಪಡೆದ ಯಂತ್ರದ ಕೃಪೆ ಅದು. ಅಪ್‌ರೈಟ್‌ನಲ್ಲಿ ಸಾಮಾನ್ಯವಾಗಿ ಈ ಅನುಕೂಲ ಇರುವುದಿಲ್ಲ. ಅಂದರೆ ನೀವು ಇಷ್ಟು ದಿನ ಕಷ್ಟದ ಪೆಟ್ಟಿಗೆಯಲ್ಲೇ ಕಲಿತಿದ್ದೀರಿ.

ನಿಜವಾದ ತಲೆನೋವು ಬಲ ಪೆಡಲ್, ಅದನ್ನು ಒತ್ತಿದಷ್ಟು ಹೊತ್ತು ನುಡಿಸಿದ ಸ್ವರಗಳು ಮೊಳಗುತ್ತಲೇ ಇರುತ್ತವೆ. ನಿಮ್ಮ ಬೀಥೋವನ್ ಸೊನಾಟಾದ ಮೊದಲ ಮೂವ್‌ಮೆಂಟ್‌ನಲ್ಲಿ (ಭಾಗದಲ್ಲಿ) ಒಂಟಿ ದನಿ ಮಾತಾಡುವ ಹಾಗೆ ಬರುವ ಎರಡು ಜಾಗ ಇವೆ ನೋಡಿ, ಅಲ್ಲಿ ಪೆಡಲ್ ಎತ್ತದೆ ಹಿಡಿಯಿರಿ ಅಂತ ಆತನೇ ಬರೆದಿದ್ದಾನೆ. ಆತನ ಕಾಲದ ಪಿಯಾನೊದಲ್ಲಿ ನಾದ ಬೇಗ ಇಳಿದುಹೋಗುತ್ತಿತ್ತು. ಈಗಿನ ಗ್ರ್ಯಾಂಡ್‌ನಲ್ಲಿ ಅಷ್ಟೇ ಹಿಡಿದರೆ ಎಲ್ಲ ಕಲಸಿಹೋಗುತ್ತದೆ. ಪೂರ್ತಿ ಬಿಟ್ಟರೆ ಆ ಮಬ್ಬೇ ಇರುವುದಿಲ್ಲ. ಅರ್ಧ ಒತ್ತಿ ಹಿಡಿಯುವ ಜಾಗವನ್ನು ಪಾದದಿಂದ ಹುಡುಕಿ, ಒಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಕೇಳಿಸಿ. ಖಾಲಿ ಹಾಲ್ ಜಾಸ್ತಿ ಮೊಳಗುತ್ತದೆ, ಜನ ತುಂಬಿದ ಮೇಲೆ ನಾದ ಒಣಗುತ್ತದೆ. ಅದಕ್ಕೂ ಸ್ವಲ್ಪ ಲೆಕ್ಕ ಇಟ್ಟುಕೊಳ್ಳಿ.

ಸ್ಟೇಜ್ ಲೈಟ್ ಹಾಕಿಸಿಯೇ ನುಡಿಸಿ. ಕೀಗಳ ಹಿಂದಿನ ಕರಿ ಹಲಗೆ ಕನ್ನಡಿಯ ಹಾಗೆ ಪಾಲಿಶ್ ಆಗಿರುತ್ತದೆ. ಲೈಟ್ ಬಿದ್ದಾಗ ನಿಮ್ಮ ಬೆರಳುಗಳೇ ಅದರಲ್ಲಿ ಎದುರಿನಿಂದ ಬಂದ ಹಾಗೆ ಕಾಣುತ್ತವೆ. ಮೊದಲ ಸಲ ನೋಡಿದವರು ಬೆಚ್ಚುವುದನ್ನು ಕಂಡಿದ್ದೇನೆ.

ಎಡಗೈ_ಭಾರ:
ಸರ್, ಎಡ ಪೆಡಲ್ ವಿಷಯ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಫ್ಯೂಗ್ ಬಗ್ಗೆ ಯಾರಾದರೂ?

ನಡುವಿನ_ದನಿ:
ನೋಟ್ಸ್ ಇಲ್ಲದೆ ನುಡಿಸುವ ಪದ್ಧತಿಗೆ ಹತ್ತೊಂಬತ್ತನೇ ಶತಮಾನದ ಪಿಯಾನೊ ವಾದಕರಾದ ಲಿಸ್ಟ್, ಕ್ಲಾರಾ ಶೂಮನ್ ಅವರನ್ನು ಬೈದುಕೊಳ್ಳಿ. ಬೈದಾದ ಮೇಲೆ ಪೆನ್ಸಿಲ್ ತೆಗೆದುಕೊಳ್ಳಿ. ಈ ಫ್ಯೂಗ್ ಇರುವುದೇ 31 ಬಾರ್ (ನೋಟ್ಸ್‌ನಲ್ಲಿ ಗೆರೆ ಎಳೆದು ಮಾಡಿದ ತಾಳದ ತುಂಡು). ಮುಖ್ಯ ರಾಗ 7ನೇ ಬಾರ್‌ನಲ್ಲಿ ಎಡಗೈಗೆ ಬರುತ್ತದೆ. 11ರಲ್ಲಿ ಮೇಲಿನ ದನಿಗೆ, ಇ ಫ್ಲ್ಯಾಟ್ ಮೇಜರ್ ಅನ್ನುವ ಬೇರೆ ಸ್ವರಶ್ರೇಣಿಯಲ್ಲಿ. 15ರಲ್ಲಿ ನಡುವಿನ ದನಿಗೆ, ಜಿ ಮೈನರ್‌ನಲ್ಲಿ. 20ರಲ್ಲಿ ಮತ್ತೆ ಸಿ ಮೈನರ್. ಈ ನಾಲ್ಕು ಜಾಗದಿಂದ ನಿದ್ದೆಗಣ್ಣಲ್ಲೂ ಶುರು ಮಾಡಲು ಬರಬೇಕು. ತಪ್ಪಿದರೆ ಹಿಂದೆ ಹೋಗಬೇಡಿ, ಮುಂದಿನ ಜಾಗಕ್ಕೆ ಹಾರಿ. ಕೇಳುವವರಲ್ಲಿ ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ.

ಜನ ಬೀಳುವ ಗುಂಡಿ ಬೇರೆಯೇ ಇದೆ. 9ನೇ ಬಾರ್, 22ನೇ ಬಾರ್ ಒಂದೇ ಥರ ಶುರುವಾಗುತ್ತವೆ. ಮೊದಲನೆಯದು ಇ ಫ್ಲ್ಯಾಟ್ ಕಡೆ ಹೋಗುತ್ತದೆ, ಎರಡನೆಯದು ಮನೆಗೆ, ಅಂದರೆ ಸಿ ಮೈನರ್‌ಗೆ, ವಾಪಸ್ ತಿರುಗಬೇಕು. ಬೆರಳನ್ನು ಅದರ ಪಾಡಿಗೆ ಬಿಟ್ಟರೆ 22ರಲ್ಲಿ ಹಳೇ ದಾರಿಯನ್ನೇ ಹಿಡಿಯುತ್ತದೆ, ಮತ್ತೆ 11ಕ್ಕೆ ಬಂದು ನಿಲ್ಲುತ್ತೀರಿ. ಆ ಎರಡು ತುಂಡನ್ನು ಬೇರೆ ಮಾಡಿ, ಒಂದಾದ ಮೇಲೊಂದು, ಎಡಗೈ ಮಾತ್ರ ನುಡಿಸಿ ನೋಡಿ.

ಮೂರನೇ_ಸಾಲು:
ಒಂದು ಬಿಟ್ಟುಹೋಯಿತು. ಆ ಸೊನಾಟಾದ ಮೂರೂ ಮೂವ್‌ಮೆಂಟ್ ಮೆಲ್ಲಗೇ ಮುಗಿಯುತ್ತವೆ. ಕೊನೆಯದಂತೂ ಇಳಿಯುತ್ತಾ ಹೋಗಿ ಕೆಳಗಿನ ಒಂದು ಡಿ ಸ್ವರದಲ್ಲಿ ನಿಂತುಬಿಡುತ್ತದೆ. ಮುಗಿಯಿತೋ ಇಲ್ಲವೋ ಅಂತ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಮೂವ್‌ಮೆಂಟ್ ನಡುವೆ ಕೈಯನ್ನು ಕೀ ಹತ್ತಿರವೇ ಇಡಿ, ಪೂರ್ತಿ ಮುಗಿದಾಗ ತೊಡೆ ಮೇಲೆ ಇಳಿಸಿ, ಎದ್ದು ನಿಲ್ಲಿ. ಚಪ್ಪಾಳೆ ತಾನಾಗಿ ಬರುತ್ತದೆ. ಬಲ್ಲಾಡ್‌ಗೆ ಆ ಚಿಂತೆ ಇಲ್ಲ ಬಿಡಿ.