ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ನೋವು: ಎಕ್ಸ್‌-ರೇಯಲ್ಲಿ ಕಂಡ ಮುಳ್ಳೇ ಕಾರಣವೇ?

ತೋಟದ ರೈಟರ್, ನಾಪೋಕ್ಲು

ನನಗೆ 46 ವರ್ಷ. ನಾಪೋಕ್ಲು ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಮ್‌ಬೂಟಿನಲ್ಲೇ ದಿನ ಕಳೆಯುತ್ತದೆ. ಈ ಸಲದ ಮಳೆ ಹಿಂದೆಗೆಯುವ ಹೊತ್ತಿಗೆ ಬಲಗಾಲಿನ ಹಿಮ್ಮಡಿಯಲ್ಲಿ ನೋವು ಆರಂಭವಾಯಿತು. ಬೆಳಿಗ್ಗೆ ಮಂಚದಿಂದಿಳಿದು ತಣ್ಣಗಿನ ರೆಡ್ ಆಕ್ಸೈಡ್ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟೊಡನೆ ಮೊಳೆ ತುಳಿದಂತಾಗುತ್ತದೆ. ಗೋಡೆ ಹಿಡಿದು ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ತೋಟಕ್ಕಿಳಿದು ಗಂಟೆ ಕಳೆದರೆ ನೋವಿತ್ತೆಂಬುದೇ ಮರೆತುಹೋಗುತ್ತದೆ. ಆದರೆ ಮಧ್ಯಾಹ್ನ ಊಟಕ್ಕೆ ಕುಳಿತು ಎದ್ದರೆ ಮತ್ತೆ ಅದೇ, ಸಂಜೆ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆದು ಮುಗಿಸಿ ಏಳುವಾಗಲೂ ಅದೇ.

ಎಕ್ಸ್‌-ರೇ ತೆಗೆಸಿದಾಗ ಹಿಮ್ಮಡಿ ಮೂಳೆಯಿಂದ ಮುಳ್ಳಿನಂತೆ ಒಂದು ಚೂಪು ಬೆಳೆದಿರುವುದನ್ನು ತೋರಿಸಿದರು. ಅಂದಿನಿಂದ ಪ್ರತಿ ಹೆಜ್ಜೆಗೂ ಅದು ಮಾಂಸಕ್ಕೆ ನಾಟುತ್ತಿದೆಯೆಂಬ ಅಳುಕು ಬಿಟ್ಟಿಲ್ಲ. ತಾಯಿಯವರು ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರಿಸುತ್ತಾರೆ. ನೆರೆಮನೆಯವರು ಇಂಜೆಕ್ಷನ್ ಒಂದೇ ಗತಿ ಎನ್ನುತ್ತಾರೆ. ಅರೇಬಿಕಾ ಕೊಯ್ಲು ಶುರುವಾಗಿದೆ, ರಜೆ ಹಾಕುವಂತಿಲ್ಲ. ಮುಳ್ಳನ್ನು ತೆಗೆಸಬೇಕೇ? ನಡೆದಾಗ ಕಡಿಮೆಯಾಗುವ ನೋವು ವಿಶ್ರಾಂತಿ ಪಡೆದಾಗಲೇ ಹೆಚ್ಚುವುದೇಕೆ?

ಫಿಸಿಯೋಥೆರಪಿಸ್ಟ್, ಮಡಿಕೇರಿ

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ರೋಗದ ಗುರುತು ಅಡಗಿದೆ. ಹಿಮ್ಮಡಿ ಮೂಳೆಯ ಅಡಿಯಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ಪಾದತಳದಲ್ಲಿ ಗಟ್ಟಿ ನಾರಿನ ಪಟ್ಟಿಯೊಂದಿದೆ. ಪ್ಲಾಂಟಾರ್ ಫ್ಯಾಸಿಯ ಎನ್ನುವುದು ಅದನ್ನೇ. ಹೆಜ್ಜೆ ಎತ್ತುವ ಮುನ್ನ ಬೆರಳುಗಳು ಮೇಲಕ್ಕೆ ಬಾಗಿದಾಗ, ರಾಟೆಗೆ ಸುತ್ತಿದ ಹಗ್ಗದಂತೆ ಈ ಪಟ್ಟಿ ಬಿಗಿದು ಪಾದದ ಕಮಾನನ್ನು ಎತ್ತಿ ಹಿಡಿಯುತ್ತದೆ. ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಳ್ಳುವುದರಿಂದ ಪಟ್ಟಿಯೂ ಮೀನಖಂಡವೂ ರಾತ್ರಿಯಿಡೀ ಕುಗ್ಗಿದ ಸ್ಥಿತಿಯಲ್ಲೇ ಉಳಿದು ಬಿಗಿಯುತ್ತವೆ. (ನಮ್ಮ ಚಳಿಗೆ ಹೊದೆಯುವ ಭಾರದ ಕಂಬಳಿಯೂ ಬೆರಳುಗಳನ್ನು ಇನ್ನಷ್ಟು ಕೆಳಗೊತ್ತುತ್ತದೆ, ಕಾಲ ಬಳಿ ಅದನ್ನು ಸಡಿಲವಾಗಿ ಬಿಡಿ.) ಬೆಳಿಗ್ಗೆ ಇಡೀ ದೇಹದ ಭಾರ ಒಮ್ಮೆಲೇ ಬಿದ್ದಾಗ ಆ ಪಟ್ಟಿಯು ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ, ಅದರಲ್ಲೂ ಒಳಬದಿಯಲ್ಲಿ, ಜಗ್ಗುತ್ತದೆ. ಕೆಲವು ಹೆಜ್ಜೆಗಳಲ್ಲಿ ಅದು ಸಡಿಲಗೊಳ್ಳುವುದರಿಂದ ನೋವು ಇಳಿಯುತ್ತದೆ.

ಇದನ್ನು ಪ್ಲಾಂಟಾರ್ ಫ್ಯಾಸಿಯೈಟಿಸ್ ಎಂದು ಕರೆಯುತ್ತಾರೆ. ಹೆಸರು ಉರಿಯೂತವನ್ನು ಸೂಚಿಸಿದರೂ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಉರಿಯೂತವಲ್ಲ, ನಾರುಗಳ ಸವೆತ. ನೋವಿನ ಮಾತ್ರೆ ಕೆಲವು ದಿನ ಸಮಾಧಾನ ಕೊಟ್ಟೀತೇ ಹೊರತು ಸವೆದ ನಾರನ್ನು ಕಟ್ಟಲಾರದು.

ಮುಳ್ಳಿನ ವಿಷಯ. ಆ ಚೂಪು ಕೆಳಕ್ಕೆ ನೆಲವನ್ನು ನೋಡುತ್ತಿರುವುದಿಲ್ಲ, ಮುಂದಕ್ಕೆ ಬೆರಳುಗಳ ಕಡೆಗೆ ಚಾಚಿರುತ್ತದೆ. ಬಹಳಷ್ಟು ಸಲ ಅದು ಈ ಪಟ್ಟಿಯೊಳಗೂ ಇರದೆ, ಅದರ ಮೇಲಿರುವ ಸಣ್ಣ ಸ್ನಾಯುವಿನ ಬುಡದಲ್ಲಿ ಇರುತ್ತದೆ. ಯಾವ ನೋವೂ ಇಲ್ಲದ ಅನೇಕರ ಎಕ್ಸ್‌-ರೇಯಲ್ಲೂ ಅದು ಕಾಣುತ್ತದೆ. ನೋವು ಪೂರ್ತಿ ವಾಸಿಯಾದ ಮೇಲೂ ಅದು ಇದ್ದಲ್ಲೇ ಇರುತ್ತದೆ. ಆದ್ದರಿಂದ ಅದನ್ನು ತೆಗೆಸುವ ಯೋಚನೆಯನ್ನು ಬಿಟ್ಟುಬಿಡಿ.

ಮಾಡಬೇಕಾದದ್ದು ಮಂಚದಿಂದ ಇಳಿಯುವ ಮುನ್ನವೇ ಆರಂಭವಾಗಬೇಕು. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು, ಪಾದತಳದ ಪಟ್ಟಿ ತಂತಿಯಂತೆ ಬಿಗಿದದ್ದು ಕೈಯ ಹೆಬ್ಬೆರಳಿಗೆ ತಾಗುವವರೆಗೆ ಹಿಡಿಯಿರಿ. 10 ಸೆಕೆಂಡಿನಂತೆ 10 ಸಲ. ದಿನಕ್ಕೆ ಮೂರು ಬಾರಿ. ಊಟ ಮುಗಿಸಿ ಏಳುವ ಮುನ್ನ, ಚೆಕ್‌ರೋಲ್ ಮುಚ್ಚುವ ಮುನ್ನವೂ ಮಾಡಿದರೆ ನಿಮ್ಮ ಮೂರು ಬಾರಿ ತಾನಾಗಿಯೇ ತುಂಬುತ್ತದೆ. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸವೂ ಜೊತೆಗಿರಲಿ.

ಎರಡನೆಯದು ಬಲ ತುಂಬುವ ವ್ಯಾಯಾಮ. ಮೆಟ್ಟಿಲಂಚಿನಲ್ಲಿ ನೋಯುವ ಕಾಲ ಮೇಲೆ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿಯನ್ನು 3 ಸೆಕೆಂಡಿನಲ್ಲಿ ಎತ್ತಿ, 2 ಸೆಕೆಂಡು ನಿಲ್ಲಿಸಿ, 3 ಸೆಕೆಂಡಿನಲ್ಲಿ ಇಳಿಸಬೇಕು. ದಿನ ಬಿಟ್ಟು ದಿನ. ಒಂಟಿ ಕಾಲಲ್ಲಿ ಆಗದಿದ್ದರೆ ಮೊದಲು ಎರಡೂ ಕಾಲಲ್ಲಿ ಆರಂಭಿಸಿ. ಡೆನ್ಮಾರ್ಕಿನಲ್ಲಿ 48 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಬರೀ ಹಿಗ್ಗಿಸುವವರಿಗಿಂತ ಈ ವ್ಯಾಯಾಮ ಮಾಡಿದವರು 3 ತಿಂಗಳಲ್ಲಿ ಹೆಚ್ಚು ಸುಧಾರಿಸಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಸಮವಾಗಿತ್ತೆಂಬುದನ್ನೂ ಹೇಳಬೇಕು.

ಕಾಳುಮೆಣಸಿನವನು, ಸಿದ್ದಾಪುರ

ನನಗೂ ಎರಡು ವರ್ಷದ ಹಿಂದೆ ಇದೇ ಆಗಿತ್ತು. ಗಮ್‌ಬೂಟಿನ ಬಗ್ಗೆ ಯಾರೂ ಹೇಳುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದರ ಒಳತಳ ಹಲಗೆಯಂತೆ ಚಪ್ಪಟೆ, ಹಿಮ್ಮಡಿಯ ಬಳಿ ಸಡಿಲ. ಇಳಿಜಾರಿನಲ್ಲಿ ಪಾದ ಒಳಗೇ ಜಾರುವುದನ್ನು ತಡೆಯಲು ನಾವು ಗೊತ್ತಿಲ್ಲದೆ ಬೆರಳುಗಳಿಂದ ನೆಲ ಕಚ್ಚುತ್ತೇವೆ. ಅರ್ಧ ಅಳತೆ ಚಿಕ್ಕ ಬೂಟು ಕೊಂಡು, ಕಮಾನಿಗೆ ಆಧಾರ ಕೊಡುವ ಇನ್‌ಸೋಲ್ ಹಾಕಿ, ದಪ್ಪ ಕಾಲುಚೀಲ ಧರಿಸಿದ ಮೇಲೆ ಸಂಜೆಯ ನೋವು ಸ್ಪಷ್ಟವಾಗಿ ಇಳಿಯಿತು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕು. ಹಿರಿಯರು ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ಅಪರಾಧಿ ಮೆಣಸು ಕೊಯ್ಯುವ ಏಣಿ. ಬಿದಿರಿನ ಮೆಟ್ಟಿಲು ಸರಿಯಾಗಿ ಪಾದದ ಕಮಾನಿಗೇ ಒತ್ತುತ್ತದೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಮೇಲೆ ಅರ್ಧ ಗಂಟೆ ನಿಂತರೆ ಮರುದಿನ ಬೆಳಿಗ್ಗೆ ಅದರ ಲೆಕ್ಕ ಚುಕ್ತಾ ಆಗುತ್ತದೆ. ಗಟ್ಟಿ ತಳದ ಶೂ ಇಲ್ಲದೆ ನಾನೀಗ ಏಣಿ ಹತ್ತುವುದಿಲ್ಲ.

ಇಂಜೆಕ್ಷನ್ ನಾನೂ ತೆಗೆದುಕೊಂಡೆ. ಒಂದೂವರೆ ತಿಂಗಳು ಸ್ವರ್ಗ, ಆಮೇಲೆ ನೋವು ಮರಳಿತು. ಎರಡನೆಯದನ್ನು ಕೇಳಲು ಹೋದಾಗಷ್ಟೇ, ಪದೇ ಪದೇ ಸ್ಟಿರಾಯ್ಡ್ ಚುಚ್ಚಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ದಿಂಬು ಸವೆಯುವ ಅಪಾಯವಿದೆಯೆಂದು ನನಗೆ ತಿಳಿದದ್ದು. ಮೊದಲ ಸಲವೇ ಹೇಳಬೇಕಾಗಿದ್ದ ಮಾತು ಅದು.

ನಿವೃತ್ತ ಶುಶ್ರೂಷಕಿ, ಕುಶಾಲನಗರ

ಬಿಸಿ ಇಟ್ಟಿಗೆಯನ್ನು ನಾನು ಬೇಡವೆನ್ನುವುದಿಲ್ಲ. ಹಿತವಾದ ಶಾಖಕ್ಕೆ ಸ್ನಾಯು ಸಡಿಲಗೊಳ್ಳುವುದು ನಿಜ. ಆದರೆ ತಾಯಿಯವರಿಗೋ ನಿಮಗೋ ಸಕ್ಕರೆ ಕಾಯಿಲೆಯಿದ್ದರೆ ಪಾದದ ಸ್ಪರ್ಶಜ್ಞಾನ ಕುಂದಿರಬಹುದು, ಸುಟ್ಟದ್ದೇ ತಿಳಿಯದೆ ಗಾಯವಾದ ಕಾಲುಗಳನ್ನು ನಾನು ಸಾಕಷ್ಟು ತೊಳೆದಿದ್ದೇನೆ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಕೈ ತೊಳೆಯಿರಿ. ಸಂಜೆ ಕೆಲಸದ ನಂತರ ನೋವಿದ್ದರೆ, ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಪಾದದಡಿ ಹತ್ತು ನಿಮಿಷ ಉರುಳಿಸುವುದು ಹೆಚ್ಚು ಸುಲಭ.

ಎಲ್ಲ ಹಿಮ್ಮಡಿ ನೋವೂ ಇದೊಂದೇ ಅಲ್ಲ. ರಾತ್ರಿ ಮಲಗಿದ್ದಾಗಲೂ ನೋವು, ಜೋಮು ಅಥವಾ ಉರಿ, ಊತ, ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಒತ್ತಿದರೆ ತಡೆಯಲಾರದ ನೋವು, ಜ್ವರ: ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಬೇಕು. ನನ್ನ ಸೋದರಳಿಯನಿಗೆ ಇಪ್ಪತ್ತಾರರ ವಯಸ್ಸಿನಲ್ಲಿ ಎರಡೂ ಹಿಮ್ಮಡಿ ನೋಯುತ್ತಿತ್ತು. ಬೆಳಿಗ್ಗೆ ಸೊಂಟವೂ ಒಂದು ಗಂಟೆ ಬಿಗಿದಿರುತ್ತಿತ್ತೆಂಬುದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೊನೆಗೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳ ಉರಿಯೂತ) ಎಂದು ಗೊತ್ತಾಯಿತು, ಅದರ ಚಿಕಿತ್ಸೆಯೇ ಬೇರೆ.

ತೋಟದ ರೈಟರ್, ನಾಪೋಕ್ಲು

ಎಲ್ಲರಿಗೂ ಕೃತಜ್ಞತೆಗಳು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ನೋವು ಹಿಮ್ಮಡಿಯ ಮುಂಭಾಗದ ಒಳಬದಿಯಲ್ಲೇ ಇದೆ, ಪಕ್ಕದಿಂದ ಒತ್ತಿದರೆ ಏನೂ ಇಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ಮೂರು ದಿನದಿಂದ ಏಳುವ ಮುನ್ನ ಬೆರಳು ಎಳೆಯುತ್ತಿದ್ದೇನೆ, ಮೊದಲ ಹೆಜ್ಜೆಯ ತೀಕ್ಷ್ಣತೆ ತುಸು ಮೊಂಡಾಗಿದೆ. ಪೂರ್ತಿ ವಾಸಿಯಾಗಲು ಎಷ್ಟು ಕಾಲ ಬೇಕು? ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುತ್ತಿದೆ. ಊರ ಮಂದ್‌ನಲ್ಲಿ (ಹಬ್ಬಕ್ಕೆ ಊರು ಸೇರುವ ಬಯಲಿನಲ್ಲಿ) ಕೋಲಾಟಕ್ಕೆ ಇಳಿಯದ ವರ್ಷವೇ ಇಲ್ಲ ನನಗೆ.

ಫಿಸಿಯೋಥೆರಪಿಸ್ಟ್, ಮಡಿಕೇರಿ

ವಾರಗಳ ಲೆಕ್ಕ ಬೇಡ, ತಿಂಗಳುಗಳ ಲೆಕ್ಕ ಹಾಕಿ. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ವಾಸಿಯಾಗುತ್ತದೆ. ನಿಮ್ಮಂತೆ ಬೇಗ ಆರಂಭಿಸಿದವರಿಗೆ ಇನ್ನೂ ಮುಂಚೆಯೇ ಆಗುವ ಸಾಧ್ಯತೆಯಿದೆ. ನಡಿಗೆಯನ್ನು ನಿಲ್ಲಿಸಬೇಡಿ, ಆದರೆ ಕಡಿದಾದ ಏರಿನ ಬ್ಲಾಕುಗಳನ್ನು ಒಂದೇ ದಿನಕ್ಕೆ ಹಾಕಿಕೊಳ್ಳದೆ ವಾರದಲ್ಲಿ ಹಂಚಿಕೊಳ್ಳಿ. ಅಳತೆಗೋಲು ಮರುದಿನದ ಬೆಳಿಗ್ಗೆ: ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಹಿಂದಿನ ದಿನದ ಕೆಲಸ ಅತಿಯಾಯಿತೆಂದು ತಿಳಿಯಿರಿ. ಮೂರು ತಿಂಗಳಲ್ಲೂ ಬದಲಾವಣೆ ಕಾಣದಿದ್ದರೆ ರಾತ್ರಿ ಪಾದವನ್ನು ನೇರ ಹಿಡಿಯುವ ಸ್ಪ್ಲಿಂಟ್, ನೋವಿನ ಜಾಗಕ್ಕೆ ಯಂತ್ರದಿಂದ ಒತ್ತಡದ ಅಲೆ ಹಾಯಿಸುವ ಶಾಕ್‌ವೇವ್ ಚಿಕಿತ್ಸೆಗಳ ಬಗ್ಗೆ ಮಾತನಾಡೋಣ.

ಕೋಲಾಟಕ್ಕೆ ಇಳಿಯಿರಿ. ಬರಿಗಾಲಲ್ಲಿ ಬೇಡ, ಕುಪ್ಯದ (ಕೊಡವರ ನಿಲುವಂಗಿಯ) ಕೆಳಗೆ ಶೂ ಇರಲಿ. ಮತ್ತು ಆಟದ ನಡುವೆ ಕುಳಿತರೆ, ಏಳುವ ಮುನ್ನ ಬೆರಳು ಎಳೆಯುವುದನ್ನು ಮರೆಯಬೇಡಿ.