ಲೀಕ್ ಫೋಟೋ ನಂಬಿ ಕಾಯಬೇಕಾ, ಈಗಲೇ ತಗೋಬೇಕಾ?

ಕೇಳಿದ್ದು: ವಿದ್ಯಾನಗರ, ದಾವಣಗೆರೆ

ನನ್ನ ಫೋನಿಗೆ ಐದು ವರ್ಷ ಆಯ್ತು. ಮಧ್ಯಾಹ್ನ ಊಟದ ಹೊತ್ತಿಗೇ ಬ್ಯಾಟರಿ ಕೈ ಕೊಡುತ್ತದೆ. ಈಗ ಅಂಗಡಿಯಲ್ಲಿರುವ ಐಫೋನ್ ತಗೊಳ್ಳೋಣ ಅಂತ ದುಡ್ಡು ಕೂಡಿಟ್ಟಿದ್ದೇನೆ. ಅಷ್ಟರಲ್ಲಿ ಮಗ ದಿನಾ ಒಂದು ಫೋಟೋ ತೋರಿಸುತ್ತಾನೆ. ಬಿಡುಗಡೆಗೆ ಮೊದಲೇ ಲೀಕ್ ಆದದ್ದಂತೆ. ಸೆಪ್ಟೆಂಬರಿನಲ್ಲಿ ಬರುವ ಹೊಸ ಐಫೋನ್ ಹೀಗಿದೆಯಂತೆ, ಕ್ಯಾಮೆರಾ ಹಾಗಂತೆ, ಬೆಲೆ ಇಷ್ಟಂತೆ. ಒಂದು ಫೋಟೋದಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಇದನ್ನೆಲ್ಲ ನಂಬಿ ಎರಡು ತಿಂಗಳು ಕಾಯಬಹುದಾ? ಕಾದು ಲಾಭ ಮಾಡಿಕೊಂಡವರು, ಕಾದು ಕೆಟ್ಟವರು ಯಾರಾದರೂ ಇದ್ದರೆ ಹೇಳಿ.

ಅಶೋಕ ರಸ್ತೆ, ದಾವಣಗೆರೆ

ಅಣ್ಣಾರೆ, ನಾನು ಕವರ್, ಟೆಂಪರ್ ಗ್ಲಾಸ್ ಮಾರುವವನು. ಹೊಸ ಐಫೋನ್ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ, ಅದರ ಕವರ್ ಆಗಲೇ ಬೆಂಗಳೂರಿನ ಹೋಲ್‌ಸೇಲ್‌ನವರ ಹತ್ತಿರ ಬಂದು ಕೂತಿರುತ್ತದೆ. ಇದರಲ್ಲಿ ಮಾಯ ಮಂತ್ರ ಏನಿಲ್ಲ. ಬಿಡುಗಡೆ ದಿನವೇ ಮಾಲು ಇಡಬೇಕು ಅಂದ್ರೆ ಅಚ್ಚನ್ನು ಬಹಳ ಮೊದಲೇ ಮಾಡಿಸಿಕೊಳ್ಳಬೇಕು. ಅಚ್ಚಿಗೆ ಉದ್ದ, ಅಗಲ, ಕ್ಯಾಮೆರಾ ತೂತು, ಬಟನ್ ಜಾಗ ಗೊತ್ತಿರಬೇಕು. ಆ ಅಳತೆ ಕಾರ್ಖಾನೆ ಕಡೆಯಿಂದ ಹೇಗೋ ಹೊರಗೆ ಬರುತ್ತದೆ. ನಿಮ್ಮ ಮಗ ತೋರಿಸುವ ಚಂದದ ಫೋಟೋಗಳಲ್ಲಿ ಎಷ್ಟೋ ಫೋಟೋಗಳೇ ಅಲ್ಲ, ಅದೇ ಥರದ ಅಳತೆ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ. ಆನ್‌ಲೀಕ್ಸ್ ಅನ್ನುವ ಹೆಸರಿನವರು ಹೆಸರು ಮಾಡಿದ್ದೇ ಇದರಲ್ಲಿ.

ಹಾಗಾಗಿ ಹಿಂಬದಿ ಆಕಾರ ಸುಮಾರಾಗಿ ನಂಬಬಹುದು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಫೋಟೋ ಹೇಗೆ ಬೀಳುತ್ತದೆ ಅನ್ನುವುದು ಕವರ್ ಅಳತೆಗೆ ಹೇಗೆ ಗೊತ್ತಾಗಬೇಕು?

ಆಕಾರವೂ ಒಮ್ಮೊಮ್ಮೆ ತಪ್ಪುತ್ತದೆ. 2021ರಲ್ಲಿ ಆಪಲ್ ವಾಚ್ ಸೀರೀಸ್ 7ರ ಅಂಚು ಚಪ್ಪಟೆ ಅಂತ ಚಿತ್ರ ಎಲ್ಲ ಕಡೆ ಓಡಾಡಿತು. ಬಂದದ್ದು ನೋಡಿದರೆ ಮೊದಲಿನ ಹಾಗೆ ಗುಂಡಗಿನ ಅಂಚಿನದೇ. ನಾನು ಚಪ್ಪಟೆ ಅಂಚಿನ ಕವರ್ ಎರಡು ಡಬ್ಬ ತರಿಸಿಬಿಟ್ಟಿದ್ದೆ. ಇನ್ನೂ ಇವೆ, ಯಾರಿಗಾದರೂ ಬೇಕಾದರೆ ಹೇಳಿ.

ಹರಿಹರದಿಂದ

ನಾನು ಕಾದು ಕೆಟ್ಟವಳು ಸಾರ್. ಐಫೋನಿನ ಅಗ್ಗದ ಮಾದರಿ ಎಸ್‌ಇ 4 ಬರುತ್ತೆ, ಕಡಿಮೆ ಬೆಲೆಗೆ ಬರುತ್ತೆ ಅಂತ ಓದಿ ಓದಿ ಒಂದೂವರೆ ವರ್ಷ ಹಳೇ ಫೋನ್ ಎಳೆದಾಡಿದೆ. ಹಿಂದಿನ ಎಸ್‌ಇ 2022ರಲ್ಲಿ 43,900ಕ್ಕೆ ಬಂದಿತ್ತು. ಅದನ್ನೇ ನೆಚ್ಚಿಕೊಂಡು ಐವತ್ತರೊಳಗೆ ಅಂತ ಲೆಕ್ಕ ಹಾಕಿ ಚೀಟಿ ಕಟ್ಟಿದ್ದೆ. 2025ರ ಫೆಬ್ರವರಿಯಲ್ಲಿ ಬಂತು. ಹೆಸರು ಎಸ್‌ಇ ಅಲ್ಲವೇ ಅಲ್ಲ, 16ಇ. ಬೆಲೆ 59,900. ಹಿಂಬದಿಯಲ್ಲಿ ಒಂದೇ ಕ್ಯಾಮೆರಾ ಅಂದಿದ್ದರು, ಅದು ಸರಿ ಇತ್ತು. ನನ್ನ ಜೇಬಿಗೆ ಬೇಕಾದ ಒಂದು ಮಾತೇ ಸುಳ್ಳಾಯಿತು!

ಚಿತ್ರದುರ್ಗ, ಹೊಳಲ್ಕೆರೆ ರಸ್ತೆ

ಕೋಟೆ ಊರಿನವನು ಒಂದು ಮಾತು ಹೇಳ್ತೀನಿ. ಹೈದರಾಲಿಯ ಸೈನಿಕರು ಯಾವ ಕಿಂಡಿಯಿಂದ ಬರುತ್ತಿದ್ದಾರೆ ಅಂತ ತಿಳಿದದ್ದಕ್ಕೇ ಅಲ್ವಾ ಓಬವ್ವ ಒನಕೆ ಹಿಡಿದು ಅಲ್ಲೇ ನಿಂತದ್ದು? ಫೋನ್ ಸುದ್ದಿಗೂ ಅಷ್ಟೇ. ಫೋಟೋ ನೋಡುವ ಮೊದಲು ಕಿಂಡಿ ನೋಡಿ.

2010ರ ಕತೆ ಎಲ್ಲಕ್ಕಿಂತ ದೊಡ್ಡದು. ಆಪಲ್‌ನ ಒಬ್ಬ ಎಂಜಿನಿಯರ್ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಾರಿನಲ್ಲಿ ಪರೀಕ್ಷೆಯ ಫೋನ್ ಬಿಟ್ಟು ಹೋದ. ಹೊರಗೆ ನೋಡಿದರೆ ಹಳೇ ಐಫೋನ್ 3ಜಿಎಸ್ ಥರ, ಯಾರಿಗೂ ಗೊತ್ತಾಗದಿರಲಿ ಅಂತ ಅದಕ್ಕೊಂದು ವೇಷ ಹಾಕಿದ್ದರು. ಸಿಕ್ಕಿದವರಿಂದ ಗಿಜ್ಮೋಡೊ ಅನ್ನುವ ಟೆಕ್ ಸುದ್ದಿಯ ವೆಬ್‌ಸೈಟ್ 5,000 ಡಾಲರ್ ಕೊಟ್ಟು ತಗೊಂಡು, ಬಿಚ್ಚಿ, ಏಪ್ರಿಲ್‌ನಲ್ಲಿ ಊರಿಗೆಲ್ಲ ತೋರಿಸಿತು. ಜೂನ್‌ನಲ್ಲಿ ಐಫೋನ್ 4 ಅಂತ ಬಂದದ್ದು ಅದೇ. 2018ರಲ್ಲಿ ಗೂಗಲ್‌ನ ಪಿಕ್ಸೆಲ್ 3 ಎಕ್ಸ್‌ಎಲ್ ಫೋನ್ ಬಿಡುಗಡೆಗೆ ಮೊದಲೇ ಉಕ್ರೇನಿನ ಕಳ್ಳಸಂತೆಗೆ ಬಂದುಬಿಟ್ಟಿತು. ವಸ್ತುವೇ ಕೈಗೆ ಸಿಕ್ಕಿದ ಮೇಲೆ ಸುಳ್ಳು ಎಲ್ಲಿಂದ ಬರಬೇಕು?

ಇನ್ನೊಂದು ಕಿಂಡಿ ಕಂಪನಿಯ ಸಾಫ್ಟ್‌ವೇರ್. 2017ರಲ್ಲಿ ಆಪಲ್‌ನವರೇ ಹೋಮ್‌ಪಾಡ್ ಸ್ಪೀಕರಿನ ಸಾಫ್ಟ್‌ವೇರನ್ನು ಮೊದಲೇ ಹೊರಗೆ ಬಿಟ್ಟರು. ಅದರೊಳಗೆ ಐಫೋನ್ ಎಕ್ಸ್‌ನ ಗೆರೆಚಿತ್ರ ಸಿಕ್ಕಿತು. ಅದು ನಿಜವಾಯಿತು. ಅದೇ ವರ್ಷ ಪರದೆ ಕೆಳಗೇ ಬೆರಳಚ್ಚು ಇರುತ್ತದೆ ಅಂತ ಜಾಸ್ತಿ ಸುದ್ದಿಯಾಗಿತ್ತು. ಅದು ಬಾಯಿಂದ ಬಾಯಿಗೆ ಬಂದ ಮಾತು. ಬೆರಳಚ್ಚು ಬರಲಿಲ್ಲ, ಮುಖ ನೋಡಿ ತೆರೆಯುವ ಫೇಸ್ ಐಡಿ ಬಂತು.

ಬಾಗಿಲನ್ನು ಕಂಪನಿಯೇ ತೆಗೆದು ಇಡುವುದೂ ಉಂಟು. 2019ರ ಜೂನ್‌ನಲ್ಲಿ ಪಿಕ್ಸೆಲ್ 4ರ ಹಿಂಬದಿ ಚಿತ್ರವನ್ನು ಗೂಗಲ್ಲೇ ಹಾಕಿತು. ಫೋನ್ ಬಂದದ್ದು ಅಕ್ಟೋಬರಿನಲ್ಲಿ. ಇಂಥದ್ದನ್ನು ನಾನು ಜಾಹೀರಾತು ಅಂತಲೇ ಓದುತ್ತೇನೆ.

ಕಿಂಡಿಯೇ ಕಾಣದ ಫೋಟೋ ಬಂದರೆ, ಅದೇ ಚಿತ್ರ ಬೇರೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಯಾರೋ ಹವ್ಯಾಸಕ್ಕೆ ಬಿಡಿಸಿದ ಎರಡು ವರ್ಷದ ಹಳೇ ಚಿತ್ರ 'ಈಗಷ್ಟೇ ಲೀಕ್' ಅಂತ ಬಂದಿರುವುದು ನನಗೇ ಎಷ್ಟೋ ಸಲ ಸಿಕ್ಕಿದೆ. ಈಗಂತೂ ಎಐ ಬೇರೆ.

ಚಳ್ಳಕೆರೆಯಿಂದ

ಫೋಟೋ ನೋಡಿ, ಕೆಳಗಿರುವ ಲಿಂಕ್ ಮಾತ್ರ ಒತ್ತಬೇಡಿ. ನಮ್ಮ ಅಳಿಯ 'ಮುಂಗಡ ಬುಕಿಂಗ್ 1,999 ರೂಪಾಯಿ, ಮೊದಲು ಕಟ್ಟಿದವರಿಗೆ ಅರ್ಧ ಬೆಲೆ' ಅಂತ ಬಂದದ್ದಕ್ಕೆ ಕಟ್ಟಿದ. ಫೋನೂ ಇಲ್ಲ, ದುಡ್ಡೂ ಇಲ್ಲ. ನಾಚಿಕೆಗೆ ನಾಲ್ಕು ದಿನ ಮನೆಯಲ್ಲಿ ಹೇಳಲೇ ಇಲ್ಲ. ಹಾಗೇನಾದರೂ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಟುವಳ್ಳಿ, ದಾವಣಗೆರೆ

ಕಾದು ಲಾಭ ಆದವಳು ನಾನು. ಆದರೆ ನಾನು ಕಾದದ್ದು ಹೊಸದಕ್ಕಲ್ಲ, ಹಳೆಯದಕ್ಕೆ! 2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ಬಂದಾಗ ಕಂಪನಿಯವರೇ 14ರ ಬೆಲೆಯನ್ನು 79,900ರಿಂದ 69,900ಕ್ಕೆ ಇಳಿಸಿದರು. ಮರುವರ್ಷ 16 ಬಂದಾಗ 15ಕ್ಕೂ ಹಾಗೇ ಆಯಿತು. ನಾನು 15 ತಗೊಂಡೆ. ಹತ್ತು ಸಾವಿರ ಉಳಿಯಿತು, ನೆಮ್ಮದಿಯಾಗಿ ಮಗಳ ಕಾಲೇಜು ಫೀಸಿಗೆ ಹೋಯಿತು.

ಇದಕ್ಕೆ ಯಾವ ಲೀಕ್ ಫೋಟೋವೂ ಬೇಕಿರಲಿಲ್ಲ. 2012ರಿಂದ ಈಚೆಗೆ ಐಫೋನಿನ ಹೊಸ ಮುಖ್ಯ ಮಾದರಿಗಳನ್ನು ತೋರಿಸಿರುವುದು ಸೆಪ್ಟೆಂಬರಿನಲ್ಲಿ. ಕೊರೊನಾ ವರ್ಷ 2020ರಲ್ಲಿ ಮಾತ್ರ ಅಕ್ಟೋಬರಿಗೆ ಹೋಗಿತ್ತು. ನೀವು ಕೇಳುತ್ತಿರುವುದು ಎರಡು ತಿಂಗಳ ಮಾತು, ಕಾಯಬಹುದು. ಎಸ್‌ಇ ಥರ ತಿಂಗಳೇ ಗೊತ್ತಿಲ್ಲದ ಫೋನಿಗೆ ಕಾಯಬಾರದು, ಹರಿಹರದ ತಂಗಿ ಹೇಳಿದ್ದು ಅದೇ ಅಲ್ವಾ.

ಒಂದು ನೆನಪಿರಲಿ. ನಿಮ್ಮ ಹಳೇ ಫೋನ್ ಎಕ್ಸ್‌ಚೇಂಜ್ ಮಾಡುವುದಿದ್ದರೆ ಹೊಸದು ಬಂದ ಮೇಲೆ ಅದರ ಬೆಲೆಯೂ ಕುಸಿಯುತ್ತದೆ. ಐದು ವರ್ಷದ ಫೋನಿಗೆ ಹೇಗೂ ಜಾಸ್ತಿ ಕೊಡುವುದಿಲ್ಲ, ಬಿಡಿ.

ಗಾಂಧಿ ಸರ್ಕಲ್ ಹತ್ತಿರ, ರಿಪೇರಿ ಅಂಗಡಿ

ಬ್ಯಾಟರಿ ಒಂದೇ ತೊಂದರೆ ಅಂದ್ರೆ ಬ್ಯಾಟರಿ ಹಾಕಿಸಿ ಸಾರ್. ಅರವತ್ತು ಎಪ್ಪತ್ತು ಸಾವಿರದ ಯೋಚನೆ ಯಾಕೆ ಇವತ್ತೇ?

ವಿದ್ಯಾನಗರದಿಂದ, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಬ್ಯಾಟರಿ ಹಾಕಿಸಿದೆ. ಬೆಣ್ಣೆದೋಸೆ ತಿಂದು ಮನೆಗೆ ಬಂದು, ರಾತ್ರಿ ಮಲಗುವಾಗ ನೋಡಿದರೂ ಚಾರ್ಜ್ ಇತ್ತು. ಸೆಪ್ಟೆಂಬರಿನವರೆಗೆ ಇದೇ ಸಾಕು. ಆಮೇಲೆ ನಿಟುವಳ್ಳಿ ಅಕ್ಕ ಹೇಳಿದ ಹಾಗೆ ಬೆಲೆ ಇಳಿದ ಹಳೆಯದನ್ನೇ ತಗೊಳ್ಳುತ್ತೇನೆ.

ಫೋಟೋ ತೋರಿಸುವುದು ಬೇಡ ಅಂತ ಮಗನಿಗೆ ಹೇಳಿಲ್ಲ. ಎಲ್ಲಿಂದ ಬಂತು ಅಂತ ಮೊದಲು ಹೇಳು ಅಂದಿದ್ದೇನೆ. ಇವತ್ತು ಬೆಳಿಗ್ಗೆ ಒಂದು ತಂದ. ಎಲ್ಲಿಂದಪ್ಪಾ ಅಂದೆ. 'ಫ್ರೆಂಡ್ ಸ್ಟೇಟಸ್' ಅಂದ.

ಅಶೋಕ ರಸ್ತೆಯ ತಮ್ಮಾ, ಆ ಚಪ್ಪಟೆ ಕವರ್ ನನಗಂತೂ ಬೇಡ. ನನ್ನ ಹತ್ತಿರ ಇರುವುದು ಮುಳ್ಳಿನ ವಾಚು.